ನಾಲ್ಕು ಉರುಫ್ ನಲವತ್ತೆಂಟು

2013ರಲ್ಲಿ ಒಂದು ದಿನ ನನ್ನ ಚಾಚಾ ಬೆಂಗಳೂರಿನ ಒಂದು ಕಚೇರಿಯಲ್ಲಿ ಫೈಲು ಹಿಡಿದು ನಿಂತಿದ್ದರು. ಜೊತೆಗೆ ನಾನೂ ಇದ್ದೆ. ಶಿರಾದ ಹೊರಗೆ ಹೆದ್ದಾರಿಗೆ ತಾಗಿದಂತೆ ಅವರಿಗೆ ಕಡಲೆಕಾಯಿ ಬೆಳೆಯುವ ಹೊಲವಿತ್ತು. ರಸ್ತೆಯನ್ನು ನಾಲ್ಕು ಪಥಗಳಿಗೆ ಅಗಲಿಸುವಾಗ ಅದರ ಒಂದು ಪಟ್ಟಿ ಹೋಯಿತು. ಕೊಟ್ಟ ಪರಿಹಾರ ಸಾಲದೆಂದು ಅವರು ಹಾಕಿದ್ದ ಅರ್ಜಿ ಹತ್ತು ವರ್ಷಗಳಿಂದ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು. ಅವತ್ತು ಗುಮಾಸ್ತರು ಕಾಗದಗಳನ್ನು ತಿರುವಿ ಹಾಕಿ ಕೇಳಿದರು: "ಏನ್ ಸಾಬ್ರೇ, ಹಳೇ ನೋಟೀಸಿನಲ್ಲಿ ರಾಷ್ಟ್ರೀಯ ಹೆದ್ದಾರಿ 4 ಅಂತಿದೆ, ಹೊಸ ಪತ್ರದಲ್ಲಿ 48 ಅಂತಿದೆ. 48 ಅಂದ್ರೆ ಹಾಸನದ ಕಡೆ ಹೋಗೋ ಮಂಗಳೂರು ರೋಡಲ್ವಾ? ನಿಮ್ಮ ಜಮೀನು ಇರೋದು ಶಿರಾದಲ್ಲೋ ಸಕಲೇಶಪುರದಲ್ಲೋ?"

ಚಾಚಾ ನನ್ನ ಮುಖ ನೋಡಿದರು. ಅವರ ಜಮೀನು ಇದ್ದಲ್ಲಿಯೇ ಇತ್ತು. ರಸ್ತೆಯೂ ಇದ್ದಲ್ಲಿಯೇ ಇತ್ತು. ಬದಲಾಗಿದ್ದುದು ನಂಬರು ಮಾತ್ರ. ಗುಮಾಸ್ತರು ಹೇಳಿದ್ದರಲ್ಲಿಯೂ ಸುಳ್ಳಿರಲಿಲ್ಲ. ಅವರ ಹಿಂದಿನ ಗೋಡೆಯ ಮೇಲೆ ತೂಗುಹಾಕಿದ್ದ ನಕಾಶೆಯಲ್ಲಿ ಮಂಗಳೂರಿನ ರಸ್ತೆಯ ಮೇಲೆ 48 ಎಂದೇ ಬರೆದಿತ್ತು.

ರಸ್ತೆಗೆ ನಂಬರು ಯಾಕೆ ಬೇಕು, ಅದನ್ನು ಕೊಡುವವರು ಯಾರು, ಬದಲಾಯಿಸುವವರು ಯಾರು ಎಂಬ ಪ್ರಶ್ನೆಗಳು ನನ್ನಂಥ ಕತೆಗಾರನ ತಲೆಗೆ ಹೊಕ್ಕಿದ್ದು ಆ ದಿನ. ಹುಡುಕುತ್ತಾ ಹೋದಂತೆ ತಿಳಿದದ್ದೇನೆಂದರೆ, ಹೆದ್ದಾರಿಯ ನಂಬರು ಬರೀ ಲೆಕ್ಕವಲ್ಲ. ಆ ರಸ್ತೆಯ ಹೊಣೆ ಯಾರದು ಎಂದು ಬರೆದಿಟ್ಟ ಕಾಗದ ಅದು.

ನಂಬರಿಗಿಂತ ಮೊದಲು

ಹಿಂದಿನ ಕಾಲದ ರಾಜಮಾರ್ಗಗಳಿಗೆ ನಂಬರುಗಳಿರಲಿಲ್ಲ. ಕಂಬಗಳು, ಬಾವಿಗಳು, ಮರಗಳು, ತಂಗುದಾಣಗಳು ಇದ್ದವು. ಮೌರ್ಯರ ಕಾಲದಲ್ಲಿ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸನ ಬರಹವನ್ನು ಆಧರಿಸಿದ ವಿವರಗಳಲ್ಲಿ, ಅಧಿಕಾರಿಗಳು ರಸ್ತೆ ಮಾಡಿಸಿ ಗೊತ್ತಾದ ದೂರಕ್ಕೊಂದು ಕಂಬ ನಿಲ್ಲಿಸುತ್ತಿದ್ದರು, ಆ ಕಂಬ ಕವಲುದಾರಿಯನ್ನೂ ದೂರವನ್ನೂ ತಿಳಿಸುತ್ತಿತ್ತು ಎಂದಿದೆ. ಅಶೋಕ ತನ್ನ ಸ್ತಂಭ ಶಾಸನದಲ್ಲಿ ದಾರಿಯ ಬದಿಗೆ ಆಲದ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಹೇಳಿಕೊಂಡಿದ್ದಾನೆ.

ನಮ್ಮ ಉರ್ದು ಶಾಲೆಯ ಪಾಠದಲ್ಲಿ ಬಂಗಾಳದಿಂದ ಪೇಶಾವರದ ಕಡೆಗೆ ಹೋಗುವ ದೊಡ್ಡ ರಸ್ತೆಯನ್ನು ಶೇರ್ ಶಾ ಸೂರಿ ಮಾಡಿಸಿದ ಎಂದಿತ್ತು. ಮೇಷ್ಟರು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಆ ದಾರಿ ಶೇರ್ ಶಾನಿಗಿಂತ ಒಂದೂವರೆ ಸಾವಿರ ವರ್ಷಗಳಿಗೂ ಹಳೆಯದು. ಆದರೆ ಬರೀ ಐದು ವರ್ಷ, 1540ರಿಂದ 1545ರವರೆಗೆ, ಆಳಿದ ಆ ದೊರೆ ಅದಕ್ಕೆ ಹೊಸ ಜೀವ ಕೊಟ್ಟದ್ದು ಸುಳ್ಳಲ್ಲ. ಅಕ್ಬರನ ಕಾಲದಲ್ಲಿ ಅವನ ಚರಿತ್ರೆ ಬರೆದ ಅಬ್ಬಾಸ್ ಖಾನ್ ಸರ್ವಾನಿ ನಾಲ್ಕು ದೊಡ್ಡ ದಾರಿಗಳನ್ನು ಹೆಸರಿಸುತ್ತಾನೆ. ಪಂಜಾಬಿನ ರೋಹತಾಸ್ ಕೋಟೆಯಿಂದ ಬಂಗಾಳದ ಸೋನಾರ್‌ಗಾಂವ್‌ವರೆಗೆ ಒಂದು, ಆಗ್ರಾದಿಂದ ಬುರ್ಹಾನ್‌ಪುರಕ್ಕೆ ಒಂದು, ಆಗ್ರಾದಿಂದ ಜೋಧಪುರ ಮತ್ತು ಚಿತ್ತೋಡಿನ ಕಡೆಗೆ ಒಂದು, ಲಾಹೋರಿನಿಂದ ಮುಲ್ತಾನಿಗೆ ಒಂದು. ಎರಡೆರಡು ಕೋಸಿಗೆ ಒಂದರಂತೆ ಒಟ್ಟು 1,700 ಸರಾಯಿಗಳಿದ್ದವೆಂದು ಅವನ ಲೆಕ್ಕ. ಪ್ರತಿ ಸರಾಯಿಯ ಬಾಗಿಲಲ್ಲಿ ನೀರಿನ ಗಡಿಗೆ, ಒಳಗೊಂದು ಬಾವಿ, ಒಂದು ಮಸೀದಿ, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ವಸತಿ, ಹಿಂದೂ ಪ್ರಯಾಣಿಕರ ಊಟ ಹಾಸಿಗೆಗೆ ಬ್ರಾಹ್ಮಣರ ನೇಮಕ, ಸುದ್ದಿ ಒಯ್ಯಲು ಎರಡು ಕುದುರೆ. ಚರಿತ್ರೆಕಾರರ ಅಂಕಿಗಳಲ್ಲಿ ದೊರೆಯ ಮೇಲಿನ ಪ್ರೀತಿಯೂ ಬೆರೆತಿರುತ್ತದೆ, ಇರಲಿ. ರಸ್ತೆ ಎಂದರೆ ದಾರಿಹೋಕನಿಗೆ ಏನು ಸಿಗಬೇಕು ಎಂಬ ಕಲ್ಪನೆ ಮಾತ್ರ ಅಲ್ಲಿ ಸ್ಪಷ್ಟವಾಗಿದೆ.

ಆಮೇಲೆ ಮೊಗಲರು ಕೋಸಿಗೊಂದು ಮೀನಾರು ಕಟ್ಟಿಸಿದರು. ಇಟ್ಟಿಗೆಯ ಆ ಗಿಡ್ಡ ಮೀನಾರುಗಳು ಹರಿಯಾಣಾದ ಹೊಲಗಳ ನಡುವೆ ಈಗಲೂ ನಿಂತಿವೆ. ಒಂದಂತೂ ದೆಹಲಿಯ ಮೃಗಾಲಯದ ಒಳಗೆ ಸಿಕ್ಕಿಹಾಕಿಕೊಂಡಿದೆ. ಅವುಗಳ ಮೇಲೆ ಯಾವ ಅಂಕಿಯೂ ಇಲ್ಲ. ಇಷ್ಟು ನಡೆದೆ, ಇನ್ನಷ್ಟು ನಡೆಯಬೇಕು ಎಂದು ಮುಸಾಫಿರನಿಗೆ ತಿಳಿಸುವುದಷ್ಟೇ ಅವುಗಳ ಕೆಲಸ.

ನಮ್ಮ ಕರಾವಳಿಯ ದಾರಿಯ ಬಗ್ಗೆಯೂ ಇಂಥದೊಂದು ಚಿತ್ರವಿದೆ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಗೋವಾದಿಂದ ಕೊಲ್ಲಂ ಕಡೆಗೆ ಹೋದ ಮೊರಾಕ್ಕೋದ ಇಬ್ನ್ ಬತೂತ ಹೊನ್ನಾವರ, ಬಾರ್ಕೂರು, ಮಂಗಳೂರುಗಳ ಬಗ್ಗೆ ಬರೆದಿದ್ದಾನೆ. ಆ ದಾರಿಯಲ್ಲಿ ಅರ್ಧ ಅರ್ಧ ಮೈಲಿಗೆ ಒಂದು ಮರದ ಚಪ್ಪರ, ಕೂರಲು ಜಗಲಿ, ಒಂದು ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇದ್ದನಂತೆ. ಕಳ್ಳಕಾಕರ ಭಯವೇ ಇಲ್ಲದ ದಾರಿ ಎಂದು ಅವನು ಮೆಚ್ಚಿ ಬರೆಯುತ್ತಾನೆ. ಅದರ ಜೊತೆಗೇ ಇನ್ನೊಂದು ವಿವರವನ್ನೂ ಕೊಡುತ್ತಾನೆ: ಆ ಮನುಷ್ಯ ಹಿಂದೂಗಳಿಗೆ ಪಾತ್ರೆಯಲ್ಲಿ ನೀರು ಕೊಡುತ್ತಿದ್ದ, ಮುಸ್ಲಿಮರಿಗೆ ಬೊಗಸೆಗೆ ಸುರಿಯುತ್ತಿದ್ದ.

ಈ ವಿವರವನ್ನು ಮುಚ್ಚಿಟ್ಟುಕೊಳ್ಳಬೇಕಾಗಿಲ್ಲ. ಹಳೆಯ ದಾರಿಗಳು ನೀರು ಕೊಟ್ಟವು, ನೆರಳು ಕೊಟ್ಟವು. ಜೊತೆಗೆ ನೀನು ಯಾರು ಎಂದೂ ಕೇಳಿದವು. ಸರಾಯಿಯಲ್ಲಿ ಕೋಣೆ ಬೇರೆ, ಚಪ್ಪರದಲ್ಲಿ ಪಾತ್ರೆ ಬೇರೆ. ನಂಬರಿನ ರಸ್ತೆ ಯಾರ ಜಾತಿಯನ್ನೂ ಕೇಳುವುದಿಲ್ಲ. ಹೆದ್ದಾರಿ ಬದಿಯ ಢಾಬಾದ ಬೆಂಚಿನ ಮೇಲೆ ಲಾರಿ ಚಾಲಕರೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ಆದ್ದರಿಂದ ಹಳೆಯದೆಲ್ಲ ಚೆನ್ನ, ನಂಬರೆಲ್ಲ ಕೆಟ್ಟದ್ದು ಎಂದು ನಾನು ಹೇಳಲಾರೆ.

ಯಾರ ರಸ್ತೆ, ಯಾರ ಖರ್ಚು

ನಂಬರಿನ ಕತೆ ಶುರುವಾಗುವುದು ಮೋಟಾರು ಬಂದ ಮೇಲೆ. ಮೊದಲನೆಯ ಮಹಾಯುದ್ಧದ ನಂತರ ಲಾರಿ, ಬಸ್ಸುಗಳು ಹೆಚ್ಚಿದವು. ಎತ್ತಿನಗಾಡಿಗೆ ಮಾಡಿದ ರಸ್ತೆಗಳು ಕಿತ್ತುಹೋಗತೊಡಗಿದವು. ರಸ್ತೆಯ ಖರ್ಚು ಪ್ರಾಂತ್ಯಗಳದೋ ದೆಹಲಿಯದೋ ಎಂಬ ಜಗ್ಗಾಟ ಹುಟ್ಟಿತು. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ರಸ್ತೆಗಳು ಇನ್ನು ಇಡೀ ದೇಶದ ಕೆಲಸ, ಪ್ರಾಂತ್ಯಗಳ ಕೈಯಿಂದ ಮಾತ್ರ ಆಗುವಂಥದಲ್ಲ ಎಂದು ಅದು ಹೇಳಿತು. ಪೆಟ್ರೋಲಿನ ಮೇಲಿನ ಹೆಚ್ಚುವರಿ ತೆರಿಗೆಯಿಂದ 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. 1934ರಲ್ಲಿ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಆರಂಭವಾಯಿತು.

ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1943ರ ಡಿಸೆಂಬರಿನಲ್ಲಿ, ಪ್ರಾಂತ್ಯಗಳ ಮತ್ತು ಸಂಸ್ಥಾನಗಳ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿದರು. ಅವರು ಮಾಡಿದ ಯೋಜನೆಗೆ ನಾಗಪುರ ಯೋಜನೆ ಎಂದೇ ಹೆಸರಾಯಿತು. ಇವತ್ತಿಗೂ ನಾವು ಬಳಸುವ ವಿಂಗಡಣೆ ಅಲ್ಲಿಯದು: ರಾಷ್ಟ್ರೀಯ ಹೆದ್ದಾರಿ, ಪ್ರಾಂತ್ಯದ ಅಂದರೆ ಈಗಿನ ರಾಜ್ಯ ಹೆದ್ದಾರಿ, ಜಿಲ್ಲೆಯ ರಸ್ತೆಗಳಲ್ಲಿ ಮುಖ್ಯ ಮತ್ತು ಇತರ ಎಂದು ಎರಡು ಬಗೆ, ಕೊನೆಗೆ ಹಳ್ಳಿಯ ರಸ್ತೆ. ಚೆನ್ನಾಗಿ ಬೇಸಾಯ ನಡೆಯುವ ಪ್ರದೇಶದ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರ ಇರಕೂಡದು ಎಂಬುದು ಅವರ ಗುರಿಗಳಲ್ಲಿ ಒಂದು. 1947ರ ಏಪ್ರಿಲ್‌ನಿಂದ ರಾಷ್ಟ್ರೀಯ ಹೆದ್ದಾರಿಗಳ ಖರ್ಚನ್ನು ದೆಹಲಿ ಹೊತ್ತುಕೊಂಡಿತು.

ಸಂವಿಧಾನದಲ್ಲಿಯೂ ಈ ಗೆರೆ ಬಿತ್ತು. ಏಳನೆಯ ಅನುಸೂಚಿಯಲ್ಲಿ ರಸ್ತೆಗಳು ರಾಜ್ಯಪಟ್ಟಿಯ 13ನೆಯ ವಿಷಯ. ಆದರೆ ಸಂಸತ್ತಿನ ಕಾನೂನಿನ ಮೂಲಕ ರಾಷ್ಟ್ರೀಯ ಎಂದು ಘೋಷಿಸಿದ ಹೆದ್ದಾರಿಗಳು ಕೇಂದ್ರಪಟ್ಟಿಯ 23ನೆಯ ವಿಷಯ. ಆ ಘೋಷಣೆಗಾಗಿ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ ಬಂತು, 1957ರ ಏಪ್ರಿಲ್ 15ರಿಂದ ಜಾರಿಯಾಯಿತು. ಆ ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ. ನಂಬರು, ಎಲ್ಲಿಂದ ಹೊರಟು ಯಾವ ಯಾವ ಊರುಗಳನ್ನು ದಾಟಿ ಎಲ್ಲಿ ಮುಗಿಯುತ್ತದೆ ಎಂಬ ವಿವರ, ಇಷ್ಟೇ. ಒಂದು ರಸ್ತೆ ಆ ಪಟ್ಟಿಗೆ ಸೇರಿದರೆ ಅದು ಕೇಂದ್ರದ ವಶ, ಅದನ್ನು ಕಟ್ಟಿ ಕಾಪಾಡುವುದು ಕೇಂದ್ರದ ಹೊಣೆ. ಪಟ್ಟಿಯಿಂದ ತೆಗೆದರೆ ಆ ಹೊಣೆಯೂ ಹೋಯಿತು.

ಕೆಲಸ ಮಾಡುವವರು ಮಾತ್ರ ಹಲವರು. ಎಷ್ಟೋ ಕಡೆ ಕೇಂದ್ರದ ಪರವಾಗಿ ರಾಜ್ಯದ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗವೇ ನೋಡಿಕೊಳ್ಳುತ್ತದೆ. ಗಡಿ ಪ್ರದೇಶದಲ್ಲಿ 1960ರಲ್ಲಿ ಹುಟ್ಟಿದ ಗಡಿ ರಸ್ತೆಗಳ ಸಂಸ್ಥೆ. ದೊಡ್ಡ ದೊಡ್ಡ ರಸ್ತೆಗಳಿಗೆ 1988ರ ಕಾಯ್ದೆಯ ಮೂಲಕ ರೂಪುಗೊಂಡು 1995ರಲ್ಲಿ ಕೆಲಸ ಆರಂಭಿಸಿದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ದಾರಿಹೋಕನಿಗೆ ಇದೆಲ್ಲ ತಿಳಿಯುವುದು ಕಲ್ಲಿನ ಬಣ್ಣದಿಂದ. ಮೈಲಿಗಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣದ್ದಾದರೆ 2000ನೇ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ.

ಈ ವಿಂಗಡಣೆ ಕಾಗದದ ಮೇಲಿನ ಆಟ ಎಂದು ತಿಳಿದವರಿಗೆ 2017 ಒಂದು ಪಾಠ ಕಲಿಸಿತು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿತ್ತು. 2017ರ ಏಪ್ರಿಲ್‌ನಿಂದ ಅದು ಜಾರಿಗೆ ಬರಬೇಕಿತ್ತು. ಕೆಲವು ಸರ್ಕಾರಗಳು ಏನು ಮಾಡಿದವು? ಅಂಗಡಿಗಳನ್ನು ಸರಿಸಲಿಲ್ಲ, ಊರೊಳಗಿನ ರಾಜ್ಯ ಹೆದ್ದಾರಿಗಳನ್ನೇ ಹೆದ್ದಾರಿಯಲ್ಲ ಎಂದು ಘೋಷಿಸಿಬಿಟ್ಟವು. ಚಂಡೀಗಢದಲ್ಲಿ ಹೀಗಾಯಿತು, ಇನ್ನೂ ಕೆಲವು ಕಡೆ ಆಯಿತು. ನಿನ್ನೆ ರಾತ್ರಿ ಹೆದ್ದಾರಿಯಾಗಿದ್ದದ್ದು ಬೆಳಗಾಗುವಾಗ ಊರ ಬೀದಿ. ಊರೊಳಗಿನ ರಸ್ತೆಗಳಿಗೆ ಹೀಗೆ ಮಾಡುವುದನ್ನು ಆಮೇಲೆ ಕೋರ್ಟೂ ತಪ್ಪೆನ್ನಲಿಲ್ಲ. ಒಂದು ಪಟ್ಟಿಯಲ್ಲಿನ ಒಂದು ಸಾಲಿಗೆ ಅಷ್ಟು ಶಕ್ತಿ.

ಹಳೆಯ ಲೆಕ್ಕ, ಹೊಸ ಲೆಕ್ಕ

ಮೊದಲ ಪಟ್ಟಿಯ ನಂಬರುಗಳಿಗೆ ದಿಕ್ಕಿನ ಲೆಕ್ಕವೇನೂ ಇರಲಿಲ್ಲ. ದೆಹಲಿಯಿಂದ ಅಮೃತಸರದ ಕಡೆಗೆ 1, ದೆಹಲಿಯಿಂದ ಕಲ್ಕತ್ತೆಗೆ 2, ಆಗ್ರಾದಿಂದ ಮುಂಬಯಿಗೆ 3, ಮುಂಬಯಿ ಪಕ್ಕದ ಠಾಣೆಯಿಂದ ಪುಣೆ, ಬೆಳಗಾವಿ, ಬೆಂಗಳೂರುಗಳ ಮೇಲೆ ಮದ್ರಾಸಿಗೆ 4. ವಾರಾಣಸಿಯಿಂದ ಕನ್ಯಾಕುಮಾರಿಗೆ 7. ಪನ್ವೇಲಿನಿಂದ ಕರಾವಳಿಗುಂಟ ಕೊಚ್ಚಿಯವರೆಗೆ 17. ಸೊಲ್ಲಾಪುರದಿಂದ ಮಂಗಳೂರಿಗೆ 13. ಬೆಂಗಳೂರಿನಿಂದ ಮಂಗಳೂರಿಗೆ 48. ಕವಲೊಡೆದವುಗಳಿಗೆ ಅಕ್ಷರ ಸೇರಿಸುತ್ತಿದ್ದರು, ಬೆಳಗಾವಿಯಿಂದ ಪಣಜಿಗೆ 4ಎ ಎಂಬಂತೆ. ಮುಂದೆ ರಸ್ತೆಗಳು ಸೇರಿದಂತೆಲ್ಲ ನಂಬರು ಇನ್ನೂರನ್ನು ದಾಟಿತು. ತುಮಕೂರಿನಿಂದ ಹೊನ್ನಾವರಕ್ಕೆ 206, ಕೋಳಿಕ್ಕೋಡಿನಿಂದ ಮೈಸೂರಿನ ಮೇಲೆ ಕೊಳ್ಳೇಗಾಲಕ್ಕೆ 212, ಬಿಜಾಪುರದಿಂದ ಹುಬ್ಬಳ್ಳಿಗೆ 218.

ಇದರಲ್ಲಿ ಎರಡು ತೊಡಕುಗಳಿದ್ದವು. ನಂಬರು ನೋಡಿದರೆ ರಸ್ತೆ ಎಲ್ಲಿದೆ, ಯಾವ ದಿಕ್ಕಿಗೆ ಹೋಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಒಂದೇ ಉದ್ದನೆಯ ಪ್ರಯಾಣ ತುಂಡು ತುಂಡಾಗಿತ್ತು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೊರಟ ಲಾರಿ ಏಳು ನಂಬರುಗಳನ್ನು ದಾಟಬೇಕಿತ್ತು. 1950-51ರಲ್ಲಿ 19,811 ಕಿಲೋಮೀಟರ್ ಇದ್ದ ರಾಷ್ಟ್ರೀಯ ಹೆದ್ದಾರಿಗಳಿಗೆ ಆ ಲೆಕ್ಕ ಸಾಕಾಗಿತ್ತೇನೋ. ಹೆದ್ದಾರಿಗಳು ಹೆಚ್ಚಿದಂತೆ ಸಾಲಲಿಲ್ಲ. 2023ರ ಕೊನೆಗೆ ಅವುಗಳ ಉದ್ದ 1,46,145 ಕಿಲೋಮೀಟರ್ ಮುಟ್ಟಿತು. ಒಟ್ಟು ರಸ್ತೆಗಳಲ್ಲಿ ಇವು ನೂರಕ್ಕೆ ಎರಡರಷ್ಟು ಮಾತ್ರ, ಆದರೆ ದೇಶದ ರಸ್ತೆ ಸಂಚಾರದಲ್ಲಿ ಸುಮಾರು ನೂರಕ್ಕೆ ನಲವತ್ತು ಭಾಗ ನಡೆಯುವುದು ಇವುಗಳ ಮೇಲೆಯೇ ಎಂದು ಸರ್ಕಾರ ಹೇಳುತ್ತದೆ.

2010ರಲ್ಲಿ ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಹೊಸ ನಂಬರುಗಳನ್ನು ಪ್ರಕಟಿಸಿತು. ಅದರ ನಿಯಮ ಸರಳ. ಉತ್ತರ–ದಕ್ಷಿಣವಾಗಿ ಹೋಗುವ ಹೆದ್ದಾರಿಗಳಿಗೆ ಸಮಸಂಖ್ಯೆ. ಪೂರ್ವದಲ್ಲಿ ಚಿಕ್ಕ ಸಂಖ್ಯೆಯಿಂದ ಶುರುವಾಗಿ ಪಶ್ಚಿಮಕ್ಕೆ ಬಂದಂತೆ ಅದು ದೊಡ್ಡದಾಗುತ್ತದೆ. ಪೂರ್ವ–ಪಶ್ಚಿಮದ ಹೆದ್ದಾರಿಗಳಿಗೆ ಬೆಸಸಂಖ್ಯೆ. ಉತ್ತರದಲ್ಲಿ ಚಿಕ್ಕದು, ದಕ್ಷಿಣಕ್ಕೆ ಇಳಿದಂತೆ ದೊಡ್ಡದು. ಮೂರಂಕಿಯ ನಂಬರು ಇದ್ದರೆ ಅದು ಕವಲು. ಅದರ ಕೊನೆಯ ಎರಡು ಅಂಕಿ ತಾಯಿರಸ್ತೆಯ ನಂಬರು. ಕವಲಿಗೂ ಕವಲಿದ್ದರೆ ಅಕ್ಷರ. ಅಮೆರಿಕದವರು 1926ರಲ್ಲಿ ತಮ್ಮ ಹೆದ್ದಾರಿಗಳಿಗೆ ಇಂಥದೇ ಲೆಕ್ಕ ಹಾಕಿದ್ದರು, ಆದರೆ ಅಲ್ಲಿ ಉತ್ತರ–ದಕ್ಷಿಣಕ್ಕೆ ಬೆಸ, ಪೂರ್ವ–ಪಶ್ಚಿಮಕ್ಕೆ ಸಮ.

ನಮ್ಮ ರಾಜ್ಯದಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು. ಮೇಲಿನಿಂದ ಕೆಳಕ್ಕೆ ಬನ್ನಿ. ಹುಮನಾಬಾದನ್ನು ದಾಟಿ ಹೈದರಾಬಾದಿಗೆ ಹೋಗುವುದು 65. ಹುಬ್ಬಳ್ಳಿ, ಗದಗ, ಬಳ್ಳಾರಿಯ ದಾರಿ 67. ಹೊನ್ನಾವರ, ಸಾಗರ, ಶಿವಮೊಗ್ಗದ ದಾರಿ 69. ಚಾರ್ಮಾಡಿ ಹತ್ತಿ ಬೇಲೂರು, ಅರಸೀಕೆರೆಯ ಮೇಲೆ ತುಮಕೂರಿಗೆ ಬರುವುದು 73. ಸಕಲೇಶಪುರ, ಹಾಸನ, ಬೆಂಗಳೂರು, ಕೋಲಾರದ ದಾರಿ 75. ಇನ್ನು ಪೂರ್ವದಿಂದ ಪಶ್ಚಿಮಕ್ಕೆ ಹೋಗಿ: ಬಾಗೇಪಲ್ಲಿ, ಚಿಕ್ಕಬಳ್ಳಾಪುರದಲ್ಲಿ 44, ಚಿತ್ರದುರ್ಗ, ದಾವಣಗೆರೆಯಲ್ಲಿ 48, ಕಾರವಾರ, ಉಡುಪಿಯಲ್ಲಿ 66. ಉದ್ದನೆಯ ರಸ್ತೆಗಳು ಒಂದನ್ನೊಂದು ದಾಟುವುದರಿಂದ ಎಲ್ಲ ಕಡೆಯೂ ಈ ಸರಣಿ ಕರಾರುವಾಕ್ಕಾಗಿ ನಿಲ್ಲುವುದಿಲ್ಲ. ಆದರೂ ಬಹುಮಟ್ಟಿಗೆ ನಿಲ್ಲುತ್ತದೆ. ಬೆಂಗಳೂರಿನಿಂದ ಮೈಸೂರು, ಮಡಿಕೇರಿಗಾಗಿ ಹೋಗುವ 275 ಎಂಬುದು 75ರ ಮಗಳು. ಕೋಳಿಕ್ಕೋಡಿನಲ್ಲಿ 66ರಿಂದ ಕವಲೊಡೆದು ಮೈಸೂರಿಗೆ ಬರುವುದು 766. ಹಿಂದೆ 4ರ ಮಗಳಾಗಿ 4ಎ ಎನಿಸಿಕೊಂಡಿದ್ದ ಬೆಳಗಾವಿ–ಪಣಜಿ ರಸ್ತೆ ಈಗ 48ರ ಮಗಳಾಗಿ 748. ತಾಯಿಯ ಹೆಸರು ಬದಲಾದಾಗ ಮಗಳ ಹೆಸರೂ ಬದಲಾಯಿತು, ಸಂಬಂಧ ಉಳಿಯಿತು.

ಉದ್ದನೆಯ ಪ್ರಯಾಣಗಳೂ ಒಂದಾದವು. ಏಳು ನಂಬರುಗಳ ತುಂಡುಗಳು ಸೇರಿ ಶ್ರೀನಗರ–ಕನ್ಯಾಕುಮಾರಿ 44 ಆಯಿತು. ದೆಹಲಿಯಿಂದ ಮುಂಬಯಿಗೆ ಬರುತ್ತಿದ್ದ 8, ಅಲ್ಲಿಂದ ಬೆಂಗಳೂರಿಗೆ ಬರುತ್ತಿದ್ದ 4, ಮುಂದೆ ಹೊಸೂರು, ಕೃಷ್ಣಗಿರಿಯ ದಾರಿ, ಎಲ್ಲ ಸೇರಿ ದೆಹಲಿ–ಚೆನ್ನೈ 48 ಆಯಿತು.

ಚಾಚಾನ ಕಷ್ಟ ಹುಟ್ಟಿದ್ದು ಇಲ್ಲಿಯೇ. ನೆಲಮಂಗಲದಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ. ಅಲ್ಲಿ ಎರಡು ದಾರಿಗಳು ಬೇರೆಯಾಗುತ್ತವೆ. ತುಮಕೂರು, ಶಿರಾದ ಕಡೆಗೆ ಹೋಗುವುದು ಹಿಂದೆ 4, ಹಾಸನದ ಕಡೆಗೆ ತಿರುಗುವುದು ಹಿಂದೆ 48. ಹೊಸ ಲೆಕ್ಕದಲ್ಲಿ ತುಮಕೂರಿನದು 48 ಆಯಿತು, ಹಾಸನದ್ದು 75 ಆಯಿತು. ಅಂದರೆ ಪಕ್ಕದ ರಸ್ತೆಯ ಹಳೆಯ ನಂಬರನ್ನೇ ನಮ್ಮ ರಸ್ತೆಗೆ ತೊಡಿಸಿದ್ದಾರೆ. ಅಣ್ಣನ ಅಂಗಿಯನ್ನು ತಮ್ಮನಿಗೆ ಹಾಕಿ, ಅಣ್ಣನಿಗೆ ಬೇರೆ ಅಂಗಿ ಹೊಲಿಸಿದ ಹಾಗೆ. ದೂರದಿಂದ ನೋಡಿದವರಿಗೆ ಗುರುತು ತಪ್ಪದೆ ಇರುತ್ತದೆಯೇ?

ನಮ್ಮ ಹಳೆಯ 4 ಎಲ್ಲಿ ಹೋಯಿತು? ಅದು ಸಮುದ್ರ ದಾಟಿ ಅಂಡಮಾನಿಗೆ ಹೋಗಿದೆ. ಪೋರ್ಟ್ ಬ್ಲೇರಿನಿಂದ ಉತ್ತರಕ್ಕೆ ಹೋಗುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 4. ಕರಾವಳಿಯವರ 17 ಬಂಗಾಳದಿಂದ ಗುವಾಹಾಟಿಗೆ ಹೋಗುವ ರಸ್ತೆಯ ಪಾಲಾಗಿದೆ. ಬಿಜಾಪುರದವರ 13 ಅರುಣಾಚಲದಲ್ಲಿ ತವಾಂಗಿನ ಬೆಟ್ಟ ಹತ್ತಿದೆ. 1 ಎಂಬುದು ಅಮೃತಸರವನ್ನು ಬಿಟ್ಟು ಉರಿ, ಕಾರ್ಗಿಲ್, ಲೇಹ್ ಸೇರಿದೆ. ಶೇರ್ ಶಾನ ರಸ್ತೆಯಲ್ಲಿ ಭಾರತದ ಪಾಲು ಮೂರು ನಂಬರುಗಳಲ್ಲಿ ಹಂಚಿಹೋಗಿದೆ: ಗಡಿಯ ಅಟಾರಿಯಿಂದ ಜಲಂಧರಿನವರೆಗೆ 3, ಅಲ್ಲಿಂದ ಆಗ್ರಾದವರೆಗೆ 44, ಆಗ್ರಾದಿಂದ ಕೋಲ್ಕತ್ತದ ಕಡೆಗೆ 19. ಗಡಿಯಾಚೆ ಲಾಹೋರಿನಿಂದ ಪೇಶಾವರದ ಭಾಗ ಪಾಕಿಸ್ತಾನದ ಎನ್–5ರಲ್ಲಿದೆ.

ಜನರ ಬಾಯಲ್ಲಿ

ಸರ್ಕಾರ ಎರಡು ಸಲ ನಂಬರು ಕೊಟ್ಟಿತು. ಜನ ತಮ್ಮ ಹೆಸರನ್ನು ಬಿಡಲಿಲ್ಲ. ಬೆಳಗಾವಿ, ಹುಬ್ಬಳ್ಳಿ, ಹಾವೇರಿ, ದಾವಣಗೆರೆಗಳಲ್ಲಿ ಊರ ನಡುವಿನ ಹಳೆಯ ಹೆದ್ದಾರಿ ಇವತ್ತಿಗೂ ಪಿ.ಬಿ. ರೋಡು, ಅಂದರೆ ಪೂನಾ–ಬೆಂಗಳೂರು ರಸ್ತೆ. ಪೂನಾ ಪುಣೆಯಾಯಿತು, ಬೈಪಾಸು ಬಂದು ಲಾರಿಗಳು ಊರ ಹೊರಗೆ ಹೋದವು, ಆದರೂ ಪಿ.ಬಿ. ರೋಡು ಪಿ.ಬಿ. ರೋಡೇ. ತುಮಕೂರು, ತಿಪಟೂರು, ಭದ್ರಾವತಿ, ಶಿವಮೊಗ್ಗದಲ್ಲಿ ಬಿ.ಎಚ್. ರೋಡು, ಬೆಂಗಳೂರು–ಹೊನ್ನಾವರ ರಸ್ತೆ. ಸರ್ಕಾರದ ಪಟ್ಟಿಯಲ್ಲಿ ಅದು ಮೊದಲು ಒಂದೇ 206 ಆಗಿತ್ತು, ಈಗ ಒಂದು ಭಾಗ 73, ಇನ್ನೊಂದು ಭಾಗ 69. ಜನರ ಬಾಯಲ್ಲಿ ಮಾತ್ರ ಅಖಂಡವಾಗಿದೆ. ಬಿ.ಎಂ. ರೋಡಿನ ಸೊಗಸು ಬೇರೆ. ಹಾಸನದಲ್ಲಿ ಎಂ ಎಂದರೆ ಮಂಗಳೂರು, ಚನ್ನಪಟ್ಟಣದಲ್ಲಿ ಎಂ ಎಂದರೆ ಮೈಸೂರು. ಅಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಯಾಕೆಂದರೆ ಆ ಹೆಸರು ರಸ್ತೆಯ ಬದಿಯಲ್ಲಿ ಬದುಕುವವನ ಹೆಸರು, ರಸ್ತೆ ತನ್ನನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಅವನು ಹೇಳಿಕೊಳ್ಳುವ ಮಾತು.

ಶಿರಾದಲ್ಲಿ ನಮ್ಮ ಮನೆಯ ಹತ್ತಿರದ ಪಂಕ್ಚರ್ ಅಂಗಡಿಯ ಬೋರ್ಡಿನಲ್ಲಿ ಈಗಲೂ "ಎನ್.ಎಚ್. 4" ಎಂದಿದೆ. ಹೊಸ ಬಣ್ಣ ಬಳಿಸುವಾಗಲೂ ಅಂಗಡಿಯವರು ಅದನ್ನೇ ಬರೆಸಿದರು. ಕೇಳಿದ್ದಕ್ಕೆ, "ಗಿರಾಕಿಗೆ ಗೊತ್ತಿರೋದನ್ನ ಬರೀಬೇಕಲ್ವಾ?" ಎಂದರು.

ಬೋರ್ಡಿನಲ್ಲಾದರೆ ಇದು ನಡೆಯುತ್ತದೆ. ಕಾಗದದಲ್ಲಿ ನಡೆಯುವುದಿಲ್ಲ. ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ನಿಲ್ಲಿಸುವ ಆಜ್ಞೆ 2009ರಲ್ಲಿ ಬಂದಾಗ ಆ ರಸ್ತೆ 212 ಆಗಿತ್ತು. 2010ರ ಮಾರ್ಚಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಈಗ ಆ ರಸ್ತೆ 766. ಅಲ್ಲಿ ಎರಡು ರಾಜ್ಯಗಳು ವಾದಕ್ಕಿದ್ದವು, ಸುದ್ದಿಪತ್ರಿಕೆಗಳು ಬರೆದವು, 212 ಮತ್ತು 766 ಒಂದೇ ಎಂದು ಎಲ್ಲರಿಗೂ ತಿಳಿಯಿತು. ಒಂದು ಪಟ್ಟಿ ಹೊಲ ಕಳೆದುಕೊಂಡ ರೈತನ ಪರವಾಗಿ ಹೀಗೆ ಯಾರು ಬರೆಯುತ್ತಾರೆ?

ನೆಲ ಹೋದವರ ಲೆಕ್ಕ

1999ರಲ್ಲಿ ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ ಸುವರ್ಣ ಚತುಷ್ಪಥದ ಕೆಲಸ ಆರಂಭವಾಯಿತು. ಒಟ್ಟು 5,846 ಕಿಲೋಮೀಟರ್. ಶಿರಾದ ರಸ್ತೆ ಅದರ ಒಂದು ಭಾಗ. ಅದಕ್ಕಾಗಿ ಭೂಮಿ ತೆಗೆದುಕೊಳ್ಳಲು ಬೇಕಾದ ವಿಧಿಗಳನ್ನು 1997ರಲ್ಲಿಯೇ 1956ರ ಕಾಯ್ದೆಗೆ ಸೇರಿಸಲಾಗಿತ್ತು. ಸಾಮಾನ್ಯ ಭೂಸ್ವಾಧೀನದಲ್ಲಿ, ಇಷ್ಟವಿಲ್ಲದೆ ಭೂಮಿ ಬಿಟ್ಟುಕೊಡುವವನಿಗೆ ಬೆಲೆಯ ಮೇಲೆ ನೂರಕ್ಕೆ ಮೂವತ್ತರಷ್ಟು ಹೆಚ್ಚುವರಿ ಹಣ ಸಿಗುತ್ತಿತ್ತು. ಕಾನೂನಿನ ಭಾಷೆಯಲ್ಲಿ ಅದು ಸೊಲೇಷಿಯಂ, ನಮ್ಮ ಮಾತಿನಲ್ಲಿ ಸಮಾಧಾನದ ಹಣ. ಹೆದ್ದಾರಿಗೆ ಭೂಮಿ ಕೊಟ್ಟವರಿಗೆ 1997ರ ವಿಧಿಗಳು ಅದನ್ನು ಇಲ್ಲವಾಗಿಸಿದವು. ಕೆರೆಗೋ ಕಾರ್ಖಾನೆಗೋ ಭೂಮಿ ಹೋದವನಿಗೆ ಸಿಗುವುದು, ಅದೇ ಊರಿನಲ್ಲಿ ಹೆದ್ದಾರಿಗೆ ಭೂಮಿ ಹೋದವನಿಗೆ ಸಿಗದು. 2013ರ ಹೊಸ ಭೂಸ್ವಾಧೀನ ಕಾಯ್ದೆಯ ಪರಿಹಾರದ ನಿಯಮಗಳು 2015ರ ಜನವರಿಯಿಂದ ಹೆದ್ದಾರಿಗೂ ಅನ್ವಯವಾದವು. ಅದಕ್ಕಿಂತ ಹಿಂದಿನವರ ಅನ್ಯಾಯವನ್ನು 2019ರ ಸೆಪ್ಟೆಂಬರಿನಲ್ಲಿ ತರಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗುರುತಿಸಿತು. ಈ ತಾರತಮ್ಯ ಸಂವಿಧಾನದ ಸಮಾನತೆಗೆ ವಿರುದ್ಧ, ಇವರಿಗೂ ಹೆಚ್ಚುವರಿ ಹಣ ಮತ್ತು ಬಡ್ಡಿ ಸಲ್ಲಬೇಕು ಎಂದಿತು. ತೀರ್ಪು ಮುಂದಿನವರಿಗೆ ಮಾತ್ರ ಅನ್ವಯಿಸಲಿ ಎಂಬ ಹೆದ್ದಾರಿ ಪ್ರಾಧಿಕಾರದ ಕೋರಿಕೆಯನ್ನು 2025ರ ಫೆಬ್ರವರಿಯಲ್ಲಿ ತಳ್ಳಿಹಾಕಿತು.

ಹಕ್ಕು ಬಂತು. ಆದರೆ ಹಕ್ಕು ಕೇಳಲು ಕಾಗದ ಬೇಕು, ಕಾಗದದಲ್ಲಿ ಸರ್ವೆ ನಂಬರಿನ ಜೊತೆ ರಸ್ತೆಯ ನಂಬರಿರುತ್ತದೆ, ಎಷ್ಟನೆಯ ಕಿಲೋಮೀಟರಿನಿಂದ ಎಷ್ಟನೆಯ ಕಿಲೋಮೀಟರಿನವರೆಗೆ ಎಂದಿರುತ್ತದೆ. ನಂಬರು ಬದಲಾದರೆ ಅದರ ಮೊದಲ ಕಲ್ಲು ಬದಲಾಗುತ್ತದೆ. ಠಾಣೆಯಿಂದ ಎಣಿಸುತ್ತಿದ್ದ ದೂರ ದೆಹಲಿಯಿಂದ ಎಣಿಸುವ ರಸ್ತೆಯಾಗುತ್ತದೆ. ಹಳೆಯ ಕಾಗದ ಹಿಡಿದವನು ತನ್ನ ಹೊಲವನ್ನು ಯಾವ ಕಲ್ಲಿನ ಪಕ್ಕದಲ್ಲಿ ತೋರಿಸಬೇಕು?

ರಸ್ತೆಯ ಹೊಣೆ ಎಂದಾಗ ನನಗೆ ಇನ್ನೊಬ್ಬರ ನೆನಪಾಗುತ್ತದೆ. ಇದೇ ಚತುಷ್ಪಥದ ಬಿಹಾರದ ಭಾಗದಲ್ಲಿ, ಶೇರ್ ಶಾನ ಹಳೆಯ ದಾರಿಯ ಮೇಲೆಯೇ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ. ಕಾಮಗಾರಿಯ ಭ್ರಷ್ಟಾಚಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಶೇರ್ ಶಾನ ಗೋರಿ ಇರುವ ಸಾಸಾರಾಮ್ ಅದೇ ರಸ್ತೆಯ ಮೇಲಿದೆ. ಆಗ 2 ಆಗಿದ್ದ ಆ ರಸ್ತೆ ಈಗ 19. ಅವರ ಕೊಲೆಯ ಸುದ್ದಿಯನ್ನು ಹುಡುಕುವವರು ಹಳೆಯ ನಂಬರಿನಲ್ಲಿಯೇ ಹುಡುಕಬೇಕು.

ಚಾಚಾನ ಫೈಲಿಗೆ ಆಮೇಲೆ ವಕೀಲರು 2010ರ ಗೆಜೆಟ್ಟಿನ ಪ್ರತಿ ಲಗತ್ತಿಸಿದರು. ಅದರಲ್ಲಿ ಹಳೆಯ ನಂಬರು ಒಂದು ಕಾಲಮ್ಮಿನಲ್ಲಿ, ಹೊಸ ನಂಬರು ಇನ್ನೊಂದು ಕಾಲಮ್ಮಿನಲ್ಲಿ ಎದುರುಬದುರಾಗಿತ್ತು. ಅಂದರೆ ಉತ್ತರ ಸರ್ಕಾರದ ಬಳಿಯೇ ಇತ್ತು. ಅದು ಕಚೇರಿಯ ಗೋಡೆಗೆ ಬಂದಿರಲಿಲ್ಲ, ರೈತನ ನೋಟೀಸಿಗಂತೂ ಬಂದಿರಲೇ ಇಲ್ಲ. ಅದನ್ನು ತೋರಿಸಿ ಒಪ್ಪಿಸಲು ಮೂರು ವಾಯಿದೆಗಳು, ಮೂರು ಸಲ ಬೆಂಗಳೂರಿನ ಬಸ್ ಚಾರ್ಜು.

ವಾಪಸು ಬರುವಾಗ ಬಸ್ಸಿನಲ್ಲಿ ಚಾಚಾ ಒಂದು ಮಾತು ಹೇಳಿದರು. ಅವರ ಕ್ರಯಪತ್ರದಲ್ಲಿ ಅಜ್ಜನ ಹೆಸರು ಎರಡು ರೀತಿಯಲ್ಲಿ ಬಂದಿದೆ, ಪತ್ರ ಬರೆದ ಮುನ್ಷಿ ನಡುವೆ "ಉರುಫ್" ಎಂದು ಬರೆದಿದ್ದಾನೆ. ಅದೊಂದು ಪದದಿಂದ ಅರವತ್ತು ವರ್ಷ ಯಾರೂ ತಕರಾರು ತೆಗೆಯಲಿಲ್ಲ. "ಇವರೂ ಹಾಗೇ ಬರೆದಿದ್ದರೆ ಆಗುತ್ತಿತ್ತಲ್ಲವೇ ಬೇಟಾ? ನಾಲ್ಕು ಉರುಫ್ ನಲವತ್ತೆಂಟು."

ಹೌದಲ್ಲ ಅನ್ನಿಸಿತು. ದೇಶಕ್ಕೆ ಒಂದು ಒಳ್ಳೆಯ ಲೆಕ್ಕ ಬೇಕು, ಅದು ಬಂದದ್ದು ಸರಿಯೇ. ಆ ಲೆಕ್ಕ ದೆಹಲಿಯಿಂದ ಹೊರಟ ಲಾರಿಗೆ ದಾರಿ ತೋರಿಸುತ್ತದೆ. ರಸ್ತೆಯ ಬದಿಯಲ್ಲಿ ನೆಲ ಕಳೆದುಕೊಂಡು ಕೂತವನಿಗೂ ಅದು ತಿಳಿಯಬೇಕಾದರೆ, ಪ್ರತಿ ನೋಟೀಸಿನಲ್ಲಿ, ಪ್ರತಿ ತಾಲೂಕು ಕಚೇರಿಯ ಗೋಡೆಯಲ್ಲಿ ಹೊಸ ನಂಬರಿನ ಪಕ್ಕ ಹಳೆಯದನ್ನೂ ಬರೆದರೆ ಸಾಕು. ಅದಕ್ಕೆ ಕೋಟಿಗಳ ಯೋಜನೆ ಬೇಡ, ಹಳೆಯ ಮುನ್ಷಿಗಳಿಗೆ ಗೊತ್ತಿದ್ದ ಒಂದು ಪದ ಸಾಕು.